ಸ್ಟಾಂಪಿಗಿಂತ ಸೀಲು: ಹಳೇ ಟಪಾಲಿನ ಜೊತೆ ನನ್ನ ಅನುಭವ

ಹಳೇ ಕಾಗದ ಹುಡುಕುವವರಿಗೆ ಚಿಕ್ಕಮಗಳೂರು ಒಳ್ಳೆಯ ಊರು. ಇಲ್ಲಿನ ತೋಟದ ಮನೆಗಳಲ್ಲಿ ಯಾವುದನ್ನೂ ಸುಲಭಕ್ಕೆ ಬಿಸಾಡುವುದಿಲ್ಲ. ಕಾಫಿ ಹದ ಮಾಡುವ ಕ್ಯೂರಿಂಗ್‌ನಿಂದ ಬಂದ ಲೆಕ್ಕ, ಅಡಿಕೆ ಮಂಡಿಯ ಕಾರ್ಡು, ಮಗಳ ಮನೆಯಿಂದ ಬಂದ ಇನ್‌ಲ್ಯಾಂಡು ಎಲ್ಲವೂ ಅಟ್ಟ ಸೇರಿರುತ್ತವೆ. ಅಂಗಡಿಯವರಂತೂ ಬಂದ ಕಾಗದವನ್ನೆಲ್ಲ ಕೊಕ್ಕೆ ತಂತಿಗೆ ಚುಚ್ಚಿಡುತ್ತಿದ್ದರು. ನನ್ನ ಹತ್ತಿರ ಇರುವ ಬಹಳಷ್ಟು ಕಾರ್ಡುಗಳ ನಡುವೆ ಆ ತಂತಿಯ ತೂತಿದೆ. ಅದಕ್ಕೆ ನನಗೇನೂ ಬೇಸರವಿಲ್ಲ. ಆ ತೂತು ಇದ್ದರೆ ಕಾರ್ಡು ನಿಜವಾಗಿ ಅಂಗಡಿಗೆ ಬಂದಿತ್ತು, ಯಾರೋ ಓದಿ ಎತ್ತಿಟ್ಟಿದ್ದರು ಅಂತ ಅರ್ಥ.

ನಾನು ಸ್ಟಾಂಪ್ ಕೂಡಿಸುವವನಲ್ಲ. ನನ್ನ ಕಣ್ಣು ಹೋಗುವುದು ಸೀಲಿನ ಕಡೆ. ಕಾಗದ ಸುಸೂತ್ರವಾಗಿ ತಲುಪಿದ್ದರೆ ಸಾಮಾನ್ಯವಾಗಿ ಅದರ ಮೇಲೆ ಹೊರಟ ಊರಿನದೊಂದು, ತಲುಪಿದ ಊರಿನದೊಂದು ಸೀಲು ಇರುತ್ತದೆ. ದಾರಿಯಲ್ಲಿ ಏನಾದರೂ ಆದಾಗ ಇನ್ನೊಂದು ಬೀಳುತ್ತದೆ. ತಡವಾಗಿ ಡಬ್ಬಕ್ಕೆ ಹಾಕಿದ್ದರೆ ‘ಟೂ ಲೇಟ್’. ಬೇರೆ ಊರಿಗೆ ಹೋಗಿ ಬಂದಿದ್ದರೆ ‘ಮಿಸ್‌ಸೆಂಟ್’. ಪಡೆಯುವವರು ಬೇಡ ಅಂದರೆ ‘ರೆಫ್ಯೂಸ್ಡ್’. ಯಾರಿಗೂ ಸಲ್ಲದೆ ಉಳಿದ ಕಾಗದಕ್ಕೆ ರಿಟರ್ನ್ಡ್ ಲೆಟರ್ ಆಫೀಸಿನ ಸೀಲು. ಪೋಸ್ಟ್‌ಮ್ಯಾನ್ ಪೆನ್ಸಿಲ್‌ನಲ್ಲಿ ಬರೆದ ‘ಊರಲ್ಲಿಲ್ಲ’, ‘ಮನೆ ಬೀಗ ಹಾಕಿದೆ’ ಅನ್ನುವ ಒಂದು ಸಾಲನ್ನೂ ನಾನು ಸೀಲಿನಷ್ಟೇ ಬೆಲೆ ಕೊಟ್ಟು ಇಡುತ್ತೇನೆ. ಈ ಮೂರನೇ ಗುರುತು ಯಾಕೆ ಬಿತ್ತು ಅನ್ನೋದಕ್ಕೆ ಉತ್ತರ ಹುಡುಕುವುದೇ ನನ್ನ ಸಂಗ್ರಹ.

ಬೇರಿಂಗ್ ಕಾಗದದಿಂದ ಶುರು ಮಾಡುವುದು ಸುಲಭ. ಸ್ಟಾಂಪ್ ಹಚ್ಚದಿದ್ದರೆ ಅಥವಾ ಕಮ್ಮಿ ಹಚ್ಚಿದ್ದರೆ, ಕಮ್ಮಿ ಬಿದ್ದ ಹಣದ ಎರಡರಷ್ಟನ್ನು ಪಡೆಯುವವರು ಕೊಡಬೇಕಿತ್ತು. ಕೆಲವು ದೇಶಗಳಲ್ಲಿ ಇದಕ್ಕೆ ಅಂತಲೇ ಬೇರೆ ಸ್ಟಾಂಪ್ ಇದ್ದವು. ನಮ್ಮಲ್ಲಿ ಸೀಲು ಹೊಡೆದು, ವಸೂಲಿ ಮಾಡಬೇಕಾದ ಮೊತ್ತವನ್ನು ಅದರ ಪಕ್ಕ ಕೈಯಲ್ಲಿ ಬರೆಯುತ್ತಿದ್ದರು. ಹಾಗಾಗಿ ಇಡೀ ಕಥೆ ಆ ಸೀಲು ಮತ್ತು ಅಂಕಿಯಲ್ಲೇ ಇರುತ್ತದೆ. ಲಕೋಟೆಯಿಂದ ಸ್ಟಾಂಪ್ ಕತ್ತರಿಸಿದರೆ ಇದೆಲ್ಲ ಹೋಯಿತು. ಮೂಡಿಗೆರೆ ಕಡೆ ಒಂದು ತೋಟದ ಮನೆಯ ಅಜ್ಜಿ, ‘ಸ್ಟಾಂಪೆಲ್ಲ ಮೊಮ್ಮಕ್ಕಳು ಕಿತ್ಕೊಂಡ್ರು ಕಣಪ್ಪ, ಬರೀ ಕವರ್ ಇದೆ, ನಿಂಗೆ ಆಗುತ್ತಾ?’ ಅಂದರು. ತಿರುಗಿಸಿ ನೋಡಿದರೆ ಹಿಂಬದಿಯ ಸೀಲುಗಳು ಹಾಗೇ ಇದ್ದವು. ನನಗೆ ಬೇಕಾದದ್ದು ಅದೇ.

ಹಿಂಬದಿಯ ಸೀಲು ಓದಬೇಕಾದರೆ ದಾರಿ ಗೊತ್ತಿರಬೇಕು. ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರಲ್ಲಿ. ಅಲ್ಲಿಯವರೆಗೆ ರೈಲಿನಲ್ಲಿ ಬಂದ ಟಪಾಲು ಕಡೂರಿನಲ್ಲೋ ಬೀರೂರಿನಲ್ಲೋ ಇಳಿದು ರಸ್ತೆ ಹಿಡಿಯಬೇಕಿತ್ತು. ಹಾಸನದ ಕಡೆಯದಕ್ಕೆ ಅರಸೀಕೆರೆ ಜಂಕ್ಷನ್. ರೈಲಿನ ಡಬ್ಬಿಯಲ್ಲೇ ಕಾಗದ ವಿಂಗಡಿಸುತ್ತಿದ್ದ ಆರ್‌ಎಂಎಸ್ (ರೈಲ್ವೆ ಮೇಲ್ ಸರ್ವಿಸ್) ನವರ ಸೀಲು ಸಿಕ್ಕಿದರೆ ಯಾವ ದಿಕ್ಕಿನಿಂದ ಬಂತು ಅನ್ನುವುದೂ ಗೊತ್ತಾಗುತ್ತದೆ. ಹೆಸರುಗಳೂ ತಿಳಿದಿರಬೇಕು. ನಮ್ಮ ಜಿಲ್ಲೆಯನ್ನು ಮೊದಲು ಕಡೂರು ಜಿಲ್ಲೆ ಅನ್ನುತ್ತಿದ್ದರು, ಸಕಲೇಶಪುರ ಸೀಮೆಯನ್ನು ಮಂಜರಾಬಾದ್. ವಿಳಾಸದಲ್ಲಿ ಈ ಹೆಸರು ಕಂಡು ಗಾಬರಿಯಾಗಬೇಕಿಲ್ಲ.

ನನಗೆ ಅತಿ ಇಷ್ಟವಾದ ಗುಂಪು 1971ರದ್ದು. ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರ ನೆರವಿಗಾಗಿ ಆ ವರ್ಷದ ನವೆಂಬರ್ 15ರಿಂದ ಟಪಾಲಿಗೆ 5 ಪೈಸೆ ಜಾಸ್ತಿ ವಸೂಲಿ ಮಾಡಿದರು. ಕುಟುಂಬ ಯೋಜನೆಯ 5 ಪೈಸೆ ಸ್ಟಾಂಪಿನ ಮೇಲೆ ‘ರೆಫ್ಯೂಜಿ ರಿಲೀಫ್’ ಅಂತ ಅಚ್ಚು ಹಾಕಿದರು. ಆದರೆ ದೇಶದ ಎಲ್ಲ ಪೋಸ್ಟಾಫೀಸಿಗೂ ಅಷ್ಟು ಬೇಗ ಅಚ್ಚಾದ ಸ್ಟಾಂಪ್ ತಲುಪುವುದೆಲ್ಲಿ? ಎಷ್ಟೋ ಕಡೆ ತಾವೇ ರಬ್ಬರ್ ಸ್ಟಾಂಪ್ ಮಾಡಿಸಿ ಹೊಡೆದರು. ಹಾಗಾಗಿ ಅಕ್ಷರದ ಅಳತೆ, ಶಾಯಿಯ ಬಣ್ಣ ಎಲ್ಲವೂ ಊರಿಗೊಂದು ಥರ. ಡಿಸೆಂಬರ್‌ನಲ್ಲಿ ನಿರಾಶ್ರಿತರ ಚಿತ್ರದ ಹೊಸ ಸ್ಟಾಂಪೇ ಬಂತು. 1973ರ ಮಾರ್ಚ್ 31ಕ್ಕೆ ಈ ವಸೂಲಿ ನಿಂತಿತು.

ಇವುಗಳಲ್ಲಿ ನಕಲು ಮಾಡುವುದು ಬಹಳ ಸುಲಭ. ಒಂದು ರಬ್ಬರ್ ಸ್ಟಾಂಪ್, ಒಂದು ಹಳೇ 5 ಪೈಸೆ ಸ್ಟಾಂಪ್ ಇದ್ದರೆ ಸಾಕು. ಅದಕ್ಕೇ ಬಿಡಿ ಸ್ಟಾಂಪನ್ನು ಯಾರು ಕೊಟ್ಟರೂ ನಾನು ತೆಗೆದುಕೊಳ್ಳುವುದಿಲ್ಲ. ಇಡೀ ಲಕೋಟೆ ಬೇಕು. ತಾರೀಕಿನ ಸೀಲು ಆ ದಿನಗಳದ್ದೇ ಆಗಿರಬೇಕು. ಭೂತಗನ್ನಡಿ ಹಿಡಿದು ನೋಡಿದಾಗ ‘ರೆಫ್ಯೂಜಿ ರಿಲೀಫ್’ ಅಕ್ಷರ ಕೆಳಗಿದ್ದು, ತಾರೀಕಿನ ಸೀಲಿನ ಶಾಯಿ ಅದರ ಮೇಲೆ ಹಾದುಹೋಗಿರಬೇಕು. ಮೇಲು ಕೆಳಗಾಗಿದ್ದರೆ ಅನುಮಾನ ಪಡಲೇಬೇಕು. ಕಣ್ಣಿಗೆ ತಿಳಿಯದಿದ್ದರೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಹಿಗ್ಗಿಸಿ ನೋಡುತ್ತೇನೆ. ಮಸುಕಾದ ಸೀಲನ್ನು ಓದಲೂ ಇದೇ ಉಪಾಯ. ಬಣ್ಣಗಳನ್ನು ಒಂದೊಂದಾಗಿ ತಗ್ಗಿಸುತ್ತಾ ಹೋದರೆ ಅಕ್ಷರ ಎದ್ದು ಬರುತ್ತದೆ.

ಎರಡನೇ ಮಹಾಯುದ್ಧದ ಕಾಲದ ಕಾಗದಗಳು ಬೇರೆಯೇ ಲೋಕ. ಸಕಲೇಶಪುರ, ಚಿಕ್ಕಮಗಳೂರಿನ ತೋಟಗಳಲ್ಲಿ ಆಗ ಇಂಗ್ಲಿಷ್ ಪ್ಲಾಂಟರುಗಳಿದ್ದರು. ಅವರಿಗೆ ಇಂಗ್ಲೆಂಡಿನಿಂದ ಬಂದ ಲಕೋಟೆಯ ಪಕ್ಕವನ್ನು ಅಲ್ಲಿನ ಸೆನ್ಸಾರಿನವರು ಕತ್ತರಿಸಿ, ಓದಿ, ‘ಓಪನ್ಡ್ ಬೈ ಎಕ್ಸಾಮಿನರ್’ ಅನ್ನುವ ಚೀಟಿ ಅಂಟಿಸಿ ಕಳಿಸುತ್ತಿದ್ದರು. ಚೀಟಿಯ ಮೇಲೆ ಓದಿದವರ ನಂಬರ್ ಇರುತ್ತದೆ. ಇಲ್ಲಿ ಇಳಿದ ಮೇಲೆ ನಮ್ಮ ಸೆನ್ಸಾರಿನವರದ್ದೂ ಒಂದು ಸೀಲು. 1940ರಲ್ಲಿ ಇಟಲಿ ಯುದ್ಧಕ್ಕಿಳಿದ ಮೇಲೆ ಮೆಡಿಟರೇನಿಯನ್ ದಾರಿ ಕಟ್ಟಿಹೋಗಿ, ಹಡಗುಗಳು ಆಫ್ರಿಕಾ ಸುತ್ತಿ ಬರಬೇಕಾಯಿತು. ಎರಡು ತಾರೀಕಿನ ಸೀಲುಗಳ ನಡುವಿನ ಅಂತರ ಲೆಕ್ಕ ಹಾಕಿದಾಗ, ಮಗನ ಸುದ್ದಿಗೆ ಕಾಯುತ್ತಿದ್ದ ಆ ತೋಟದ ಬಂಗಲೆ ನನ್ನ ಕಣ್ಣಿಗೆ ಬರುತ್ತದೆ.

ಒಂದು ಜಾತಿಯ ಕಾಗದ ಮಾತ್ರ ಸಿಗುವುದೇ ಅಪರೂಪ. ಮೇಲೆ ‘ಅಶುಭ’ ಎಂದು ಬರೆದ ಸಾವಿನ ಸುದ್ದಿ. ಅದನ್ನು ಓದಿದ ತಕ್ಷಣ ಹರಿದುಹಾಕುವುದು ನಮ್ಮಲ್ಲಿ ವಾಡಿಕೆ, ಅಲ್ವಾ? ಸಿಕ್ಕಿದ್ದನ್ನೂ ಮನೆಯವರನ್ನು ಕೇಳದೆ ನಾನು ಮುಟ್ಟುವುದಿಲ್ಲ.

ಮಲೆನಾಡಿನ ಮಳೆಗಾಲ ಕಾಗದಕ್ಕೆ ಶತ್ರು. ಜೂನ್ ಬಂತೆಂದರೆ ಬೂಷ್ಟು. ಪಿವಿಸಿ ಹಾಳೆ ಕೆಲವೇ ವರ್ಷದಲ್ಲಿ ಅಂಟಂಟಾಗಿ ಸೀಲಿನ ಶಾಯಿಯನ್ನೇ ಎಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಕವಚ ದುಬಾರಿಯಾದರೂ ಅದನ್ನೇ ತರುತ್ತೇನೆ. ಡಬ್ಬಿಯೊಳಗೆ ಸಿಲಿಕಾ ಜೆಲ್ ಇಟ್ಟು, ಬಣ್ಣ ತಿರುಗಿದಾಗ ಬಿಸಿ ಮಾಡಿ ಮತ್ತೆ ಇಡುತ್ತೇನೆ. ಸೆಲೋಟೇಪ್ ಹತ್ತಿರ ಸುಳಿಯಬಾರದು.

ಈ ಸಂಗ್ರಹವನ್ನು ಅಂಚೆ ಪ್ರದರ್ಶನದಲ್ಲಿ ಇಟ್ಟ ವಿಷಯಕ್ಕೆ ಬರುತ್ತೇನೆ. ಒಂದು ಫ್ರೇಮಿಗೆ ಎ4 ಅಳತೆಯ 16 ಹಾಳೆ. ಅಂತರರಾಷ್ಟ್ರೀಯ ನಿಯಮದಂತೆ ಅಂಚೆ ಇತಿಹಾಸ ವಿಭಾಗದಲ್ಲಿ 100ಕ್ಕೆ 35 ಅಂಕ ಜ್ಞಾನ ಮತ್ತು ಸ್ವಂತ ಅಧ್ಯಯನಕ್ಕೆ. ಜೋಡಣೆಯ ಅಂದಕ್ಕೆ ಬರೀ 5. ಇದು ಸರಿಯಾದ ನ್ಯಾಯ ಅಂತ ನನ್ನ ಭಾವನೆ. ಹಣ ಇದ್ದವರು ಅಪರೂಪದ ಲಕೋಟೆ ಕೊಳ್ಳಬಹುದು, ಆದರೆ ಆ ಸೀಲು ಯಾಕೆ ಬಿತ್ತು ಅಂತ ಹೇಳುವುದಕ್ಕೆ ಕೂತು ಓದಲೇಬೇಕು. ನಾನು ಹಾಳೆಗಳನ್ನು ಇಸವಿ ಪ್ರಕಾರ ಜೋಡಿಸಲಿಲ್ಲ. ಕಾಗದಕ್ಕೆ ದಾರಿಯಲ್ಲಿ ಏನಾಯಿತು ಅನ್ನುವ ಪ್ರಕಾರ ಜೋಡಿಸಿದೆ: ತಡೆದದ್ದು, ತೆರೆದದ್ದು, ದಂಡ ಬಿದ್ದದ್ದು, ದಾರಿ ತಪ್ಪಿದ್ದು, ವಾಪಸು ಹೋದದ್ದು. ಪ್ರತಿ ಲಕೋಟೆಯ ಕೆಳಗೆ ಮೂರು ಸಾಲಿಗಿಂತ ಹೆಚ್ಚು ಬರೆಯಲಿಲ್ಲ. ಹಿಂಬದಿಯ ಸೀಲು ಮುಖ್ಯವಾದಾಗ ಅದರ ಚಿತ್ರವನ್ನು ಚಿಕ್ಕದಾಗಿ ಪಕ್ಕದಲ್ಲಿ ಇಟ್ಟೆ. ಈಚಿನ ಕಾಗದಗಳಲ್ಲಿ ಹೆಸರು, ಮನೆ ವಿಳಾಸದ ಮೇಲೆ ಕಾಗದದ ಪಟ್ಟಿ ಮುಚ್ಚಿದೆ.

ದಾರಿ ತಪ್ಪಿದ ಹಾಳೆಯಲ್ಲಿ ನಮ್ಮ ಬೇಲೂರಿಗೆ ಬರೆದ ಒಂದು ಲಕೋಟೆ ಇದೆ. ಅದರ ಬೆನ್ನ ಮೇಲೆ ಬಂಗಾಳದ ಹೌರಾದ ಸೀಲು. ಅಲ್ಲಿಯೂ ಬೇಲೂರಿದೆ, ಬೇಲೂರು ಮಠದ ಊರು. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ, ಈ ಕಾಗದ ಅದಕ್ಕಿಂತ ಹಳೆಯದು, ಹಾಗಾಗಿ ಯಾವ ಬೇಲೂರು ಅಂತ ಹೇಳಲು ನಂಬರ್ ಇರಲಿಲ್ಲ. ಆರ್‌ಎಂಎಸ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ಈ ಹಾಳೆಯ ಮುಂದೆ ಬಹಳ ಹೊತ್ತು ನಿಂತರು. ಓಡುವ ರೈಲಿನ ದೀಪದ ಬೆಳಕಿನಲ್ಲಿ ಊರಿನ ಹೆಸರಷ್ಟೇ ನೋಡಿ ಕಾಗದವನ್ನು ಗೂಡಿಗೆ ಎಸೆಯುತ್ತಿದ್ದೆವು, ಜಿಲ್ಲೆ ಓದಲು ಪುರುಸೊತ್ತು ಇರುತ್ತಿರಲಿಲ್ಲ ಅಂದರು. ‘ಕೊಪ್ಪ, ಕೊಪ್ಪಳಾನೂ ಹೀಗೇ ಅದಲು ಬದಲು ಆಗೋದು ಸಾರ್, ಹುಡುಕಿ, ಸಿಗುತ್ತೆ’ ಅಂತಲೂ ಹೇಳಿದರು. ಅವರ ಮಾತನ್ನು ಆ ಲಕೋಟೆಯ ಕೆಳಗಿನ ಸಾಲುಗಳಿಗೆ ಸೇರಿಸಿದ್ದೇನೆ. ಕೊಪ್ಪದ ಕಡೆಯ ಮನೆಗಳಲ್ಲಿ ಈಗ ಕೊಪ್ಪಳದ ಸೀಲು ಹುಡುಕುತ್ತಿದ್ದೇನೆ.