ಲೈನ್ ಮನೆಯ ದನಿ ರೇಡಿಯೋದಲ್ಲಿ ಕೇಳಬೇಕಾದರೆ

ನಮ್ಮಮ್ಮ ಮೂಡಿಗೆರೆ ಕಡೆ ತೋಟದಲ್ಲಿ 30 ವರ್ಷ ಕಾಫಿ ಕುಯ್ದರು. ಅಷ್ಟು ವರ್ಷದಲ್ಲಿ "ನೀನೇನು ಹೇಳ್ತೀಯಮ್ಮ?" ಅಂತ ಅವರನ್ನು ಒಬ್ಬರೂ ಕೇಳಲಿಲ್ಲ. ನಾನು ಸಮುದಾಯ ರೇಡಿಯೋದ, ಅಂದರೆ ಊರಿನವರೇ ಸೇರಿ ನಡೆಸುವ ಸಣ್ಣ ರೇಡಿಯೋದ, ಬೆನ್ನು ಹತ್ತಿದ್ದು ಅದಕ್ಕೇ. ನಿಮ್ಮೂರಲ್ಲೂ ಶುರು ಮಾಡುವ ಆಸೆ ಇದ್ದರೆ, ಓಡಾಡಿ ಕಲಿತದ್ದನ್ನು ಹೇಳುತ್ತೇನೆ.

ಪರವಾನಗಿ ವಿಷಯ ಬೇಗ ಮುಗಿಸಿಬಿಡೋಣ. ಒಬ್ಬರ ಹೆಸರಿಗೆ ಕೊಡುವುದಿಲ್ಲ. ಲಾಭದ ಉದ್ದೇಶವಿಲ್ಲದ, ಕನಿಷ್ಠ 3 ವರ್ಷ ಊರಿನಲ್ಲಿ ಕೆಲಸ ಮಾಡಿದ ಸಂಸ್ಥೆ ಬೇಕು. ಮೊದಲು ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಇತ್ತು, 2006ರಲ್ಲಿ ಇಂಥ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. ಅರ್ಜಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ. ಕಾರ್ಯಕ್ರಮದಲ್ಲಿ ಅರ್ಧದಷ್ಟಾದರೂ ಊರಿನವರೇ ಸೇರಿ ಮಾಡಿದ್ದಿರಬೇಕು. ಈ ನಿಯಮವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ರೇಡಿಯೋ ಅಲೆ ಬಿಡುವ ಗೋಪುರ ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಮಾತ್ರ ಬೇರೆಯವರಿಗೆ ಬಿಡಬೇಡಿ. ಬಯಲುಸೀಮೆಯಲ್ಲಿ ಇಂಥ ರೇಡಿಯೋ 10–15 ಕಿಲೋಮೀಟರ್ ಕೇಳಿಸುತ್ತದೆ. ನಮ್ಮ ಮಲೆನಾಡಲ್ಲಿ ಹಾಗಲ್ಲ. ಎಫ್‌ಎಂ ಅಲೆ ನೇರಕ್ಕೆ ಹೋಗುತ್ತದೆ, ಗುಡ್ಡ ಹತ್ತಿ ಇಳಿಯುವುದಿಲ್ಲ. ಯಾವ ಲೈನ್ ಮನೆಗಳು, ಅಂದರೆ ತೋಟದ ಕೂಲಿಯವರ ಸಾಲು ಮನೆಗಳು, ಗುಡ್ಡದ ಹಿಂದಿವೆ ಅಂತ ಮೊದಲೇ ನಡೆದು ನೋಡಿ. ಬಡವರ ಮನೆ ಇರುವುದು ಜಾಸ್ತಿ ಅಲ್ಲೇ, ಅಲ್ವಾ?

ಪರವಾನಗಿ ಬರಲಿ ಅಂತ ಕೈಕಟ್ಟಿ ಕೂರಬೇಡಿ. ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ'ಯವರು ಪರವಾನಗಿ ಇಲ್ಲದ ಕಾಲದಲ್ಲಿ ಕೇಬಲ್ ಎಳೆದು ಮನೆಮನೆಗೆ ದನಿ ಮುಟ್ಟಿಸಿದರು. ನಾವು ಫೋನಿನಲ್ಲಿ ರೆಕಾರ್ಡ್ ಮಾಡಿ, ಭಾನುವಾರ ಸಂಜೆ ಸಣ್ಣ ಸ್ಪೀಕರ್ ಇಟ್ಟು ಕೇಳಿಸುತ್ತೇವೆ.

ಇನ್ನು ರೆಕಾರ್ಡಿಂಗ್. ಜನರನ್ನು ನಿಮ್ಮ ಕೋಣೆಗೆ ಕರೆಯಬೇಡಿ, ನೀವೇ ಅವರ ಜಗಲಿಗೆ ಹೋಗಿ. ಹೆಂಗಸರು ಕೆಲಸ ಬಿಟ್ಟು ಬಂದು, ನೀರು ತಂದು, ಒಲೆ ಹಚ್ಚಿ ಕೂರುವಾಗ ಏಳು ಗಂಟೆ ಆಗಿರುತ್ತದೆ. ಆಗ ಹೊರಗೆ ಜೀರುಂಡೆ ಕೂಗು. ಮಳೆ ಬಂದರೆ ಶೀಟಿನ ಸದ್ದಿಗೆ ಮಾತೇ ಕೇಳದು. ಒಳಗೆ ಕೂತು, ಬಾಗಿಲಿಗೆ ಕಂಬಳಿ ಇಳಿಬಿಡಿ. ಮೈಕ್ ಬಾಯಿಂದ ಒಂದು ಗೇಣು ದೂರ ಇರಲಿ. ತೋಟದ ಲೆಕ್ಕ ಬರೆಯುವ ರೈಟರ್, ಕೆಲಸ ಮಾಡಿಸುವ ಮೇಸ್ತ್ರಿ ಹತ್ತಿರ ಇದ್ದರೆ ಮೈಕ್ ತೆಗೆಯಲೇಬೇಡಿ.

"ನಿಮ್ಮ ಸಮಸ್ಯೆ ಏನು?" ಅಂತ ಕೇಳಬೇಡಿ. ಅಧಿಕಾರಿಗೆ ಹೇಳಿ ಹೇಳಿ ಬಾಯಿಪಾಠ ಆದದ್ದೇ ಬರುತ್ತದೆ: ರೋಡು, ನೀರು, ಮನೆ. ನಾನು ಕೇಳುವುದು "ಇವತ್ತು ಎಷ್ಟೊತ್ತಿಗೆ ಎದ್ರಿ?" ಅಂತ. ಅಲ್ಲಿಂದ ಸೌದೆ ಬರುತ್ತದೆ, ದಾರಿಯಲ್ಲಿ ನಿಂತ ಆನೆ ಬರುತ್ತದೆ, ಬಸ್ಸು ತಪ್ಪಿ ಶಾಲೆಗೆ ಹೋಗದ ಮಗಳು ಬರುತ್ತಾಳೆ. ತುಳು, ತಮಿಳು, ಅಸ್ಸಾಮಿ ಆಡುವವರ ಮಾತನ್ನು ಹಾಗೇ ಹಾಕಿ, ಆಮೇಲೆ ಕನ್ನಡದಲ್ಲಿ ಹೇಳಿ. ಅವರ ದನಿಯ ಮೇಲೆ ನಿಮ್ಮ ದನಿ ಹೇರಬೇಡಿ.

ಒಂದು ತಪ್ಪನ್ನು ನಾನು ಮಾಡಿದ್ದೇನೆ, ನೀವು ಮಾಡಬೇಡಿ. ಒಬ್ಬ ಅಕ್ಕ ಕುಯ್ದ ಹಣ್ಣಿನ ತೂಕದಲ್ಲಿ ಆಗುವ ಮೋಸ ಹೇಳಿದ್ದಳು. ಮಾತು ಅಷ್ಟು ಚೆನ್ನಾಗಿತ್ತು ಅಂತ ಅವಳನ್ನು ಕೇಳದೆ ಸ್ಪೀಕರಿನಲ್ಲಿ ಹಾಕಿಬಿಟ್ಟೆ. ಆ ವಾರ ಪೂರ್ತಿ ಅವಳಿಗೆ ಕೆಲಸ ಕೊಡಲಿಲ್ಲ. ಕುಯ್ಲಿನ ಕಾಲದ ಒಂದು ವಾರದ ಕೂಲಿ ಅಂದರೆ ಏನು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಯೋಚಿಸಲಿಲ್ಲ.

ಅವತ್ತಿನಿಂದ, ರೆಕಾರ್ಡ್ ಮಾಡಿದ್ದನ್ನು ಮೊದಲು ಮಾತಾಡಿದವರಿಗೇ ಕೇಳಿಸುತ್ತೇನೆ. ತುಂಬಾ ಜನ ತಮ್ಮ ದನಿಯನ್ನು ಮೊದಲ ಸಲ ಕೇಳುತ್ತಾರೆ, ನಗುತ್ತಾರೆ, ಇನ್ನೊಮ್ಮೆ ಹಾಕು ಅನ್ನುತ್ತಾರೆ. ಆಮೇಲೆ ಯಾವುದು ಇರಲಿ, ಯಾವುದು ಬೇಡ ಅಂತ ಅವರೇ ಹೇಳಬೇಕು. ಬೇಡ ಅಂದದ್ದನ್ನು ಅವರ ಎದುರೇ ಅಳಿಸಿ. ಇದಕ್ಕೆ ಒಂದು ಸಂಜೆ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ಆ ಅಕ್ಕನ ಹತ್ತಿರ ಮತ್ತೆ ಹೋಗಲು ನನಗೆ ಎರಡು ತಿಂಗಳು ಬೇಕಾಯಿತು. ರೆಕಾರ್ಡ್ ಮಾಡಿ ಕೇಳಿಸಿದೆ. ಸುಮ್ನೆ ಕೂತು ಪೂರ್ತಿ ಕೇಳಿದಳು. "ನನ್ನ ಹೆಸರು ತೆಗಿ. ತೂಕದ ಮಾತು ಇರಲಿ" ಅಂದಳು.