ಕಪ್ಪು ಬಿಳುಪಿನ ನಡುವೆ ಒಂದೇ ಕೆಂಪು

ಭಾವಚಿತ್ರದಲ್ಲಿ ಒಂದೇ ಬಣ್ಣ ಉಳಿಸಿ ಮಿಕ್ಕದ್ದನ್ನೆಲ್ಲ ಕಪ್ಪು ಬಿಳುಪಾಗಿಸಲು ಕುಳಿತಾಗ ನಾನು ಮೊದಲು ನೋಡುವುದು ಬಣ್ಣವನ್ನಲ್ಲ, ನೆರಳನ್ನು. ಬಣ್ಣವೇ ಇಲ್ಲದಾಗಲೂ ಆ ಮುಖ ನೋಡುವವರನ್ನು ಹಿಡಿದು ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಉಳಿಸಿಕೊಂಡ ಬಣ್ಣ ಮೇಲೆ ಅಂಟಿಸಿದ ಚೀಟಿಯಂತೆ ಕಾಣುತ್ತದೆ.

ಈಚೆಗೆ ನಾನು ತಿದ್ದಿದ ಚಿತ್ರದಲ್ಲಿ ವಯಸ್ಸಾದ ಮಹಿಳೆಯೊಬ್ಬರು ಕಡುಗೆಂಪು ಶಾಲು ಹೊದ್ದಿದ್ದರು. ಬೆಳಕು ಪಕ್ಕದ ಕಿಟಕಿಯಿಂದ ಮಾತ್ರ. ಅರ್ಧ ಮುಖ ನೆರಳಿನಲ್ಲಿತ್ತು. ಫೋಟೋಶಾಪ್‌ನಲ್ಲಿ ಮೂಲ ಚಿತ್ರವನ್ನು ಮುಟ್ಟದೆ, ಅದರ ಮೇಲೆ ‘ಬ್ಲ್ಯಾಕ್ ಅಂಡ್ ವೈಟ್’ ಅಡ್ಜಸ್ಟ್‌ಮೆಂಟ್ ಲೇಯರ್ ಹಾಕಿದೆ, ಅಂದರೆ ಬಣ್ಣಗಳನ್ನು ಬೂದಾಗಿಸಿ ತೋರಿಸುವ ಒಂದು ಪದರ. ಬಣ್ಣವನ್ನು ಒಂದೇ ಏಟಿಗೆ ತೆಗೆಯುವ ‘ಡಿಸ್ಯಾಚುರೇಟ್’ ಆಜ್ಞೆಯ ಸಹವಾಸ ನನಗೆ ಬೇಡ: ಅದು ಶುದ್ಧ ಕೆಂಪು, ಹಸಿರು, ನೀಲಿ ಮೂರನ್ನೂ ಒಂದೇ ಬೂದು ಮಾಡಿಬಿಡುತ್ತದೆ. ಈ ಲೇಯರ್‌ನಲ್ಲಾದರೆ ಕೆಂಪು, ಹಳದಿ, ಹಸಿರು, ಸಯಾನ್, ನೀಲಿ, ಮೆಜೆಂಟಾ ಎಂದು, ಒಂದೊಂದು ಬಣ್ಣದ ಬೂದನ್ನೂ ಬೇರೆಬೇರೆಯಾಗಿ ತಿಳಿ ಅಥವಾ ಗಾಢವಾಗಿಸುವ 6 ಸ್ಲೈಡರ್‌ಗಳಿವೆ.

ಬಳಿಕ ಮಾಸ್ಕ್, ಅಂದರೆ ಈ ಲೇಯರ್ ಎಲ್ಲಿ ಕೆಲಸ ಮಾಡಬೇಕು, ಎಲ್ಲಿ ಬೇಡ ಎಂದು ಹೇಳುವ ಮುಸುಕು. ಕಪ್ಪು ಬ್ರಷ್ ಆಡಿಸಿದಲ್ಲಿ ಬಣ್ಣ ಮರಳುತ್ತದೆ, ಬಿಳಿ ಆಡಿಸಿದಲ್ಲಿ ಮತ್ತೆ ಮರೆಯಾಗುತ್ತದೆ. ‘ಕಲರ್ ರೇಂಜ್’ನಿಂದ ಕೆಂಪನ್ನು ಒಮ್ಮೆಗೇ ಆಯ್ದುಕೊಳ್ಳಬಹುದು, ಆದರೆ ತುಟಿ, ಕೆನ್ನೆ, ಕಿವಿಯ ಅಂಚುಗಳಲ್ಲೂ ಕೆಂಪು ಇರುವುದರಿಂದ ಆಯ್ಕೆ ಅಲ್ಲಿಗೂ ಹರಡುತ್ತದೆ. ಹಾಗಾಗಿ ಭಾವಚಿತ್ರಗಳಲ್ಲಿ ನಾನು ಕೈಯಿಂದಲೇ ಮಾಸ್ಕ್ ಬಿಡಿಸುತ್ತೇನೆ. ಶಾಲಿನ ಮಡಿಕೆಗಳ ಒಳಗೆ ಗಟ್ಟಿ ಬ್ರಷ್, ಎಳೆಗಳು ಬಿಡಿಬಿಡಿಯಾದ ಅಂಚಿನಲ್ಲಿ ಮೃದು ಬ್ರಷ್. ಶಾಲಿನ ಮೇಲೆ ಬಿದ್ದ ನರೆಗೂದಲನ್ನು ಚಿತ್ರ ಹಿಗ್ಗಿಸಿಕೊಂಡು ಒಂದೊಂದಾಗಿ ಬಿಡಿಸಿದೆ. ತಾಳ್ಮೆ ಬೇಡುವ ಕೆಲಸ, ಆದರೆ ಚಿತ್ರವನ್ನು ನಂಬಿಸುವುದೂ ಇದೇ.

ಗದ್ದದ ಕೆಳಗೆ ಶಾಲಿನ ಕೆಂಪು ಚರ್ಮದ ಮೇಲೆ ಪ್ರತಿಫಲಿಸಿತ್ತು. ಅದನ್ನು ಪೂರ್ತಿ ಅಳಿಸಿದರೆ ಶಾಲು ಬೇರೆ ಚಿತ್ರದಿಂದ ಕತ್ತರಿಸಿ ತಂದಂತಾಗುತ್ತದೆ. ಅಲ್ಲಿ ಬ್ರಷ್‌ನ ಒಪ್ಯಾಸಿಟಿಯನ್ನು (ಬಳಿಯುವ ದಟ್ಟಣೆಯನ್ನು) ಶೇ 20ಕ್ಕೆ ಇಳಿಸಿ, ಕೆಂಪಿನ ಸುಳಿವಷ್ಟೇ ಉಳಿಸಿದೆ. ತುಟಿಗೆ ಮಾತ್ರ ಬಣ್ಣ ಕೊಡಲಿಲ್ಲ. ಕಣ್ಣಿಗೆ ಎರಡು ಕಡೆ ಕೆಂಪು ಸಿಕ್ಕರೆ ನೋಟ ಒಡೆದುಹೋಗುತ್ತದೆ.

ನನಗೆ ಅತ್ಯಂತ ಪ್ರಿಯವಾದ ಹಂತ ಇದರ ನಂತರದ್ದು. ಶಾಲು ಮಾಸ್ಕ್‌ನ ಆಚೆ ಉಳಿದಿರುವುದರಿಂದ ಕೆಂಪು ಸ್ಲೈಡರ್ ಈಗ ಮುಖ್ಯವಾಗಿ ಚರ್ಮದ ಮೇಲಷ್ಟೇ ಕೆಲಸ ಮಾಡುತ್ತದೆ. ಅದನ್ನು ಏರಿಸಿದರೆ ಮುಖ ತಿಳಿಯಾಗಿ ನುಣುಪಾಗುತ್ತದೆ. ಇಳಿಸಿದರೆ ಸುಕ್ಕು, ಕಲೆ, ಕಣ್ಣಿನ ಸುತ್ತಲಿನ ಗೆರೆ ಎಲ್ಲವೂ ಎದ್ದು ಬರುತ್ತವೆ. ನಾನು ಇಳಿಸಿದೆ. ಆ ಮುಖ ಬದುಕಿದ ವರ್ಷಗಳು ಕಾಣಲೇಬೇಕಿತ್ತು.

ನೆರಳನ್ನು ಇನ್ನಷ್ಟು ಆಳವಾಗಿಸಲು ಎಲ್ಲಕ್ಕಿಂತ ಮೇಲೆ ಬೆಳಕು ನೆರಳುಗಳನ್ನು ತಿದ್ದುವ ‘ಕರ್ವ್ಸ್’ ಲೇಯರ್ ಇಟ್ಟು, ಅದರ ಬ್ಲೆಂಡ್ ಮೋಡ್ ಅನ್ನು (ಕೆಳಗಿನ ಚಿತ್ರದೊಂದಿಗೆ ಬೆರೆಯುವ ಬಗೆಯನ್ನು) ಹೊಳಪನ್ನಷ್ಟೇ ತಿದ್ದುವ ‘ಲ್ಯೂಮಿನಾಸಿಟಿ’ಗೆ ಬದಲಿಸಿದೆ. ‘ನಾರ್ಮಲ್’ನಲ್ಲೇ ಬಿಟ್ಟಿದ್ದರೆ ಕಾಂಟ್ರಾಸ್ಟ್ ಜೊತೆಗೆ ಶಾಲಿನ ಬಣ್ಣವೂ ಉಬ್ಬುತ್ತಿತ್ತು. ಬೂದು ಬಣ್ಣದ ಪಕ್ಕದಲ್ಲಿ ಕೆಂಪು ಇದ್ದುದಕ್ಕಿಂತ ತೀವ್ರವಾಗಿಯೇ ಕಾಣುತ್ತದೆ. ಅಕ್ಕಪಕ್ಕದ ಬಣ್ಣಗಳ ಈ ಪ್ರಭಾವವನ್ನು ಫ್ರೆಂಚ್ ರಸಾಯನ ವಿಜ್ಞಾನಿ ಶೆವ್ರಲ್ 1839ರಲ್ಲೇ ವಿವರವಾಗಿ ಬರೆದಿದ್ದಾರೆ. ಆದ್ದರಿಂದ ಕೊನೆಗೆ ಶಾಲಿನ ಸ್ಯಾಚುರೇಷನ್ (ಬಣ್ಣದ ತೀವ್ರತೆ) ಅನ್ನು 15ರಷ್ಟು ತಗ್ಗಿಸಿದೆ. ಆಗ ಬಟ್ಟೆಯ ನೇಯ್ಗೆ ಮತ್ತೆ ಕಾಣಿಸಿಕೊಂಡಿತು.