ಪಿಎಚ್ ಮೀಟರ್ ಕ್ಯಾಲಿಬ್ರೇಟ್ ಮಾಡೋದು ಹೇಗೆ, ಬಿಸಿಲಿಗೂ ರೀಡಿಂಗಿಗೂ ಏನು ಸಂಬಂಧ

ಹೋದ ಬೇಸಿಗೇಲಿ ನಮ್ಮ ಪಾಲಿಹೌಸಲ್ಲಿ ಲೆಟ್ಯೂಸ್ ಎಳೆ ಎಲೆಗಳು ಹಳದಿ ಆಗೋಕೆ ಶುರುವಾದ್ವು, ನರ ಮಾತ್ರ ಹಸಿರು. ನೋಡಿದ್ರೆ ಕಬ್ಬಿಣದ ಕೊರತೆ, ಆದ್ರೆ ಟ್ಯಾಂಕಿಗೆ ಕಬ್ಬಿಣ ಲೆಕ್ಕ ಹಾಕೇ ಹಾಕಿದ್ವಿ, ಪಿಎಚ್ ಮೀಟರ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅಂತ ಅಳೆಯೋದು) ಕೂಡ 6.0 ಅಂತಾನೇ ತೋರಿಸ್ತಿತ್ತು. ಕೊನೆಗೆ ಮೀಟರನ್ನೇ 6.86 ಬಫರಿಗೆ (ಪಿಎಚ್ ಎಷ್ಟು ಅಂತ ಮೊದಲೇ ಗೊತ್ತಿರೋ ದ್ರಾವಣ) ಅದ್ದಿ ನೋಡಿದ್ರೆ 5.9 ಅಂತು! ಅಂದ್ರೆ ನೀರು 7ರ ಹತ್ರ ಹೋಗಿತ್ತು, ಅಲ್ಲಿ ಕಬ್ಬಿಣ ಇದ್ರೂ ಬೇರಿಗೆ ಸರಿಯಾಗಿ ಸಿಗಲ್ಲ. ನಾಲ್ಕು ತಿಂಗಳಿಂದ ಕ್ಯಾಲಿಬ್ರೇಟ್ ಮಾಡಿರ್ಲಿಲ್ಲ, ಅಂದ್ರೆ ಬಫರಿಗೆ ಹೋಲಿಸಿ ಮೀಟರನ್ನ ಸರಿಹೊಂದಿಸಿರ್ಲಿಲ್ಲ.

ಪೆನ್ ಮೀಟರ್ ಜೊತೆ ಬಫರಿನ ಪುಡಿ ಪೊಟ್ಟಣ ಬರುತ್ತಲ್ಲ, 4.01, 6.86, 9.18 ಅಂತ ಬರೆದಿರೋದು, ಅದನ್ನ ಪೊಟ್ಟಣದ ಮೇಲೆ ಹೇಳಿರೋ ಅಳತೆಯ ಡಿಸ್ಟಿಲ್ಡ್ ವಾಟರಲ್ಲಿ ಕರಗಿಸಿ (ಸಾಮಾನ್ಯವಾಗಿ 250 ಎಂಎಲ್), ಬೋರ್‌ವೆಲ್ ನೀರು ಬೇಡವೇ ಬೇಡ. ಮೊದಲು ಎಲೆಕ್ಟ್ರೋಡ್ ತೊಳೆದು ಟಿಶ್ಯೂ ಪೇಪರಿಗೆ ಮುಟ್ಟಿಸಿ ನೀರು ಹೀರಿಸ್ಬೇಕು, ಉಜ್ಜಬಾರ್ದು, ತುದಿಯ ಗಾಜಿನ ಗುಂಡು ತುಂಬಾ ಸೂಕ್ಷ್ಮ. ಆಮೇಲೆ 6.86ರಲ್ಲಿ ಅದ್ದಿ ಮೆಲ್ಲಗೆ ಅಲ್ಲಾಡಿಸಿ, ಅಂಕಿ ಓಡೋದು ನಿಂತ್ಮೇಲೆ ಸೆಟ್ ಮಾಡಿ. ಮತ್ತೆ ತೊಳೆದು ಎರಡನೇ ಬಫರ್. ಯಾವ್ದು ಅಂದ್ರೆ ನೀವು ಅಳೆಯೋ ಕಡೆಗೆ ಇರೋದು, ಹೈಡ್ರೋಪೋನಿಕ್ಸ್‌ನಲ್ಲಿ (ಮಣ್ಣಿಲ್ದೆ ಪೋಷಕಾಂಶದ ನೀರಲ್ಲೇ ಬೆಳೆಯೋದು) 5.5ರಿಂದ 6.5ರವರೆಗೆ ಬೇಕಾಗೋದ್ರಿಂದ 4.01, ಗಡಸು ಬೋರ್‌ವೆಲ್ ನೀರಿಗೆ 9.18. ಬಳಸಿದ ಬಫರನ್ನ ವಾಪಸ್ ಬಾಟಲಿಗೆ ಸುರೀಬೇಡಿ, ಚೆಲ್ಲಿಬಿಡಿ.

ಈಗ ಉಷ್ಣಾಂಶದ ವಿಷ್ಯ, ಜನ ಎಡವೋದು ಇಲ್ಲೇ. ಮೀಟರ್ ನಿಜವಾಗಿ ಅಳೆಯೋದು ಮಿಲಿವೋಲ್ಟ್, ಒಂದು ಪಿಎಚ್ ವ್ಯತ್ಯಾಸಕ್ಕೆ 25 ಡಿಗ್ರಿಯಲ್ಲಿ ಸುಮಾರು 59.2, ಅದೇ 35 ಡಿಗ್ರಿಗೆ 61.1 ಆಗುತ್ತೆ. ಮೀಟರ್ ಡಬ್ಬದ ಮೇಲೆ ಎಟಿಸಿ (ಉಷ್ಣಾಂಶಕ್ಕೆ ತಕ್ಕಂತೆ ತಾನೇ ಸರಿಮಾಡ್ಕೊಳ್ಳೋ ವ್ಯವಸ್ಥೆ) ಅಂತ ಬರೆದಿರುತ್ತಲ್ಲ, ಅದು ಸರಿ ಮಾಡೋದು ಈ ಲೆಕ್ಕನ ಮಾತ್ರ. ಎಟಿಸಿ ಇಲ್ದೇ ಇದ್ರೂ ಈ ತಪ್ಪು 7ರ ಹತ್ರ ಏನೂ ಅಲ್ಲ, 5ಕ್ಕೆ ಬಂದ್ರೆ 10 ಡಿಗ್ರಿ ವ್ಯತ್ಯಾಸಕ್ಕೆ 0.07ರಷ್ಟು.

ಆದ್ರೆ ಬಫರಿನ ಪಿಎಚ್ಚೇ ಉಷ್ಣಾಂಶದ ಜೊತೆ ಬದಲಾಗುತ್ತೆ, ಇದು ದೊಡ್ಡದು. 9.18 ಅನ್ನೋದು 25 ಡಿಗ್ರಿ ಮಾತು, 35ಕ್ಕೆ ಅದು 9.10, ಫ್ರಿಜ್ಜಿಂದ ಆಗ ತೆಗೆದ 5 ಡಿಗ್ರಿ ಬಾಟಲಿಯಲ್ಲಿ 9.39. ಹಂಗೇ ಅದ್ದಿ ಸ್ಕ್ರೂ ತಿರುಗಿಸಿ 9.18ಕ್ಕೆ ತಂದು ನಿಲ್ಲಿಸಿದ್ರೆ ತಪ್ಪನ್ನ ನಾವೇ ಮೀಟರಿಗೆ ಕಲಿಸಿದ ಹಾಗಾಯ್ತು. 4.01 ಮಾತ್ರ ಅಷ್ಟಾಗಿ ಅಲ್ಲಾಡಲ್ಲ, 40 ಡಿಗ್ರಿಗೂ 4.03 ಅಷ್ಟೇ. ಪೊಟ್ಟಣದ ಹಿಂದೆ ಚಿಕ್ಕ ಟೇಬಲ್ ಇದ್ರೆ ಆವತ್ತಿನ ಉಷ್ಣಾಂಶ ನೋಡಿ ಆ ಸಾಲಿನ ಅಂಕಿಗೇ ಸೆಟ್ ಮಾಡಿ, ಕೆಲವು ಡಿಜಿಟಲ್ ಮೀಟರ್ ತಾನೇ ನೋಡ್ಕೊಳ್ಳುತ್ತೆ. ನಾನಂತೂ ಬಫರ್ ಬಾಟಲಿ, ಸ್ಯಾಂಪಲ್ ಲೋಟ, ಮೀಟರ್ ಮೂರನ್ನೂ ಅರ್ಧ ಗಂಟೆ ನೆರಳಲ್ಲಿ ಒಂದೇ ಕಡೆ ಇಡ್ತೀನಿ, ಎಲ್ಲ ಒಂದೇ ಬಿಸಿಗೆ ಬರ್ಲಿ ಅಂತ.

ಬೋರ್‌ವೆಲ್ ನೀರಿಗೆ ಮಾತ್ರ ಇದು ಬೇಡ, ಇಟ್ಟಷ್ಟೂ ಕಾರ್ಬನ್ ಡೈಆಕ್ಸೈಡ್ ಹೊರಟು ಪಿಎಚ್ ಏರುತ್ತೆ, ಪಂಪಿನ ಹತ್ರಾನೇ ನೋಡ್ಬಿಡಿ. ಮತ್ತೆ ನೀರಿನದ್ದೇ ಪಿಎಚ್ ಬಿಸಿಗೆ ಬದಲಾದ್ರೆ ಯಾವ ಎಟಿಸಿನೂ ಅದನ್ನ 25 ಡಿಗ್ರಿ ಲೆಕ್ಕಕ್ಕೆ ತರಲ್ಲ, ತರಬೇಕಾಗೂ ಇಲ್ಲ, ಆ ಬಿಸಿಯಲ್ಲಿ ಅದೇ ನಿಜ. ಶುದ್ಧ ನೀರು 50 ಡಿಗ್ರಿಯಲ್ಲಿ 6.63 ಇರುತ್ತೆ, ಹಂಗಂತ ಅದು ಆಮ್ಲ ಆಗಲ್ಲ. ಅದಕ್ಕೇ ನೋಟ್‌ಬುಕ್ಕಲ್ಲಿ ಪಿಎಚ್ ಪಕ್ಕ ಡಿಗ್ರಿನೂ ಬರೀರಿ: "ಬೆಳಿಗ್ಗೆ 7, 22 ಡಿಗ್ರಿ, 5.9", ಹಿಂಗೆ. ನಾಳೆ ಮಧ್ಯಾಹ್ನದ ರೀಡಿಂಗ್ ಬೇರೆ ಬಂದ್ರೆ ಆಸಿಡ್ ಸುರಿಯೋ ಮುಂಚೆ ಆ ಸಾಲು ನೋಡ್ಬಹುದು.

ಕೆಲಸ ಮುಗಿದ್ಮೇಲೆ ಮುಚ್ಚಳದೊಳಗೆ ಎರಡು ಹನಿ ಸ್ಟೋರೇಜ್ ದ್ರಾವಣ ಹಾಕಿ, ಅಂದ್ರೆ 3 ಮೋಲಾರ್ ಪೊಟ್ಯಾಷಿಯಂ ಕ್ಲೋರೈಡ್. ಡಿಸ್ಟಿಲ್ಡ್ ವಾಟರಲ್ಲಿ ನೆನೆಸಿಡ್ಬೇಡಿ, ಒಳಗಿನ ಉಪ್ಪೇ ಹೊರಗೆ ಬಂದುಬಿಡುತ್ತೆ. ಮುಚ್ಚಳದ ಅಂಚಲ್ಲಿ ಬಿಳಿ ಹರಳು ಕಟ್ಟಿದ್ರೆ ಹೆದರ್ಬೇಡಿ, ಅದೇ ಉಪ್ಪು, ನೀರಲ್ಲಿ ತೊಳೆದ್ರೆ ಹೋಗುತ್ತೆ.